ಕೀ ಕೊಟ್ಟೋನು ನಾನೇ ಅಲ್ವಾ ಅಕ್ಕಾ

ಹದಿನೆಂಟು ತುಂಬದ ನನ್ನ ಮಗನ ಕೈಗೆ ಗಾಡಿ ಕೊಟ್ಟಿದ್ದಕ್ಕೆ ಹೋದ ತಿಂಗಳು ನನ್ನ ತಮ್ಮ ದಾವಣಗೆರೆ ಕೋರ್ಟಿನಲ್ಲಿ 25,000 ರೂಪಾಯಿ ದಂಡ ಕಟ್ಟಿದ. ಆ ತಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ನನ್ನದು. ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚನೆ ಮಾಡಿದೆ. ಮನೆಯ ಮರ್ಯಾದೆ ಪ್ರಶ್ನೆ ಅಂತ ನಮ್ಮವರು ಬೇಡ ಅಂದರು. ಆದರೆ ನಿನ್ನೆ ಬೆಳಿಗ್ಗೆ ಇನ್ನೂ ಕತ್ತಲಿರುವಾಗ ನಮ್ಮ ಬೀದಿಯಲ್ಲಿ ಒಂದು ಸ್ಕೂಟಿ ಮೇಲೆ ಮೂರು ಹುಡುಗರು ಹೋಗಿದ್ದನ್ನು ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗ ಸೆಕೆಂಡ್ ಪಿಯುಸಿ, ಸೈನ್ಸ್. ವಯಸ್ಸು 17. ನಮ್ಮ ಮನೆ ನಿಟುವಳ್ಳಿಯಲ್ಲಿ, ಫಿಸಿಕ್ಸ್ ಟ್ಯೂಷನ್ ವಿದ್ಯಾನಗರದ ಕಡೆ. ಕ್ಲಾಸ್ ಶುರುವಾಗುವುದು ಬೆಳಿಗ್ಗೆ 5:45ಕ್ಕೆ. ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ ಇಲ್ಲ. ಆಟೋದವರು ಡಬಲ್ ಕೇಳುತ್ತಾರೆ. ನಮ್ಮ ಮನೆಯವರಿಗೆ ಹರಿಹರದಲ್ಲಿ ಶಿಫ್ಟ್ ಕೆಲಸ, ಇರುವ ಒಂದು ಬೈಕ್ ಅವರಿಗೇ ಬೇಕು. ನನ್ನ ತಮ್ಮ ಇರುವುದು ನಮ್ಮ ಹಿಂದಿನ ಬೀದಿಯಲ್ಲಿ. ಭಟ್ಟಿಯಿಂದ ಮಂಡಕ್ಕಿ ಚೀಲ ತಂದು ಅಂಗಡಿಗಳಿಗೆ ಹಾಕುವುದು ಅವನ ಕಸುಬು. ಅದಕ್ಕೊಂದು ಟಿವಿಎಸ್ ಎಕ್ಸ್‌ಎಲ್ ಮೊಪೆಡ್ ಇಟ್ಟುಕೊಂಡಿದ್ದಾನೆ. ಅವನ ವ್ಯಾಪಾರ ಶುರುವಾಗುವುದು ಎಂಟರ ಮೇಲೆ. "ಬೆಳಿಗ್ಗೆ ಹೊತ್ತು ಗಾಡಿ ಸುಮ್ನೆ ನಿಂತಿರುತ್ತಲ್ಲ, ಹುಡುಗನಿಗೆ ಕೊಡೋ" ಅಂತ ಕೇಳಿದವಳು ನಾನು. ತಮ್ಮ ಅಕ್ಕನಿಗೆ ಇಲ್ಲ ಅನ್ನಲಿಲ್ಲ.

ಗೇರ್ ಇಲ್ಲದ ಗಾಡಿ ಓಡಿಸಲು ಹದಿನಾರು ತುಂಬಿದರೆ ಸಾಕು ಅಂತ ನಾನು ನಂಬಿದ್ದೆ. ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದಾರೆ. ಇದು ಟಿವಿಎಸ್ ಫಿಫ್ಟಿ ಕಾಲದ ಮಾತು. ಕಾನೂನಿನಲ್ಲಿ ಹದಿನಾರು ಅಂತ ಇರುವುದು ನಿಜ. ಆದರೆ ಅದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದಕ್ಕೂ ಅಪ್ಪ-ಅಮ್ಮ ಒಪ್ಪಿಗೆಯ ಸಹಿ ಹಾಕಿ ಲೈಸೆನ್ಸ್ ಮಾಡಿಸಬೇಕು. ಈಗಿನ ಎಕ್ಸ್‌ಎಲ್ ಹತ್ತಿರ ಹತ್ತಿರ 100 ಸಿಸಿ. ಮಕ್ಕಳು ಓಡಿಸುವ ಸ್ಕೂಟಿಗಳು ಹೆಚ್ಚಾಗಿ 110, 125 ಸಿಸಿ. ಅವಕ್ಕೆ ಹದಿನೆಂಟು ತುಂಬಲೇಬೇಕು. ಬ್ಯಾಟರಿ ಗಾಡಿಯಲ್ಲೂ ಅಷ್ಟೇ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರ್‌ ಒಳಗೆ ಇರುವ ಸಣ್ಣ ಗಾಡಿಗೆ ಮಾತ್ರ ಲೈಸೆನ್ಸ್ ಬೇಡ. ನಲವತ್ತು, ಐವತ್ತರಲ್ಲಿ ಓಡುವ ಸ್ಕೂಟರನ್ನು ಯಾರಾದರೂ 'ಲೈಸೆನ್ಸ್ ಬೇಡ' ಅಂತ ಮಾರಿದರೆ ನಂಬಬೇಡಿ.

ಒಂದು ದಿನ ಟ್ಯೂಷನ್ ಮುಗಿಸಿ ಬರುವಾಗ ಹದಡಿ ರಸ್ತೆಯಲ್ಲಿ ಪೊಲೀಸರು ಮಗನನ್ನು ನಿಲ್ಲಿಸಿದರು. ಹೆಲ್ಮೆಟ್ ಇತ್ತು. ಲೈಸೆನ್ಸ್ ಇರಲಿಲ್ಲ. ಆಧಾರ್‌ನಲ್ಲಿ ಹುಟ್ಟಿದ ದಿನ ನೋಡಿದರು, ಗಾಡಿ ಸ್ಟೇಷನ್ನಿಗೆ ಹೋಯಿತು. ಐನೂರೋ ಸಾವಿರವೋ ಕಟ್ಟಿ ಬಿಡಿಸಿಕೊಂಡು ಬರೋಣ ಅಂತ ನಾವು ಹೋದರೆ, ಇದು ಇಲ್ಲಿ ಮುಗಿಯುವುದಲ್ಲ, ಕೋರ್ಟಿಗೆ ಹೋಗಬೇಕು ಅಂದರು. ಆರ್‌ಸಿ ಯಾರ ಹೆಸರಲ್ಲಿದೆ ಅಂತ ಕೇಳಿದರು. ಹೆಸರು ತಮ್ಮನದು. ಕೇಸ್ ಅವನ ಮೇಲೆ ಬಿತ್ತು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅನ್ನುವ ಕಲಂ ಸೇರಿಸಿದ್ದಾರೆ. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಇಲ್ಲ. ಹುಡುಗನ ವಿಚಾರ ಬಾಲನ್ಯಾಯ ಮಂಡಳಿ ನೋಡುತ್ತದೆ, ದೊಡ್ಡವರು ಕೋರ್ಟಿನಲ್ಲಿ ನಿಲ್ಲಬೇಕು.

ವಕೀಲರು ಹೇಳಿದ ಇನ್ನೊಂದು ಮಾತು ನನಗೆ ಜಾಸ್ತಿ ನಾಟಿತು. ಬೇರೆ ಕೇಸುಗಳಲ್ಲಿ ನಮ್ಮ ತಪ್ಪನ್ನು ಪೊಲೀಸರು ತೋರಿಸಿಕೊಡಬೇಕು. ಇಲ್ಲಿ ಹಾಗಿಲ್ಲ. ಮಗು ಗಾಡಿ ಒಯ್ದಿದೆ ಅಂದಮೇಲೆ ದೊಡ್ಡವರ ಒಪ್ಪಿಗೆ ಇತ್ತು ಅಂತಲೇ ಕೋರ್ಟ್ ಹಿಡಿಯುತ್ತದೆ. ನಮಗೆ ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆವು ಅಂತ ನಾವೇ ಸಾಬೀತು ಮಾಡಬೇಕು. "ನಿಮಗೆ ಗೊತ್ತಿಲ್ಲದೆ ಹುಡುಗ ಗಾಡಿ ತಗೊಂಡು ಹೋಗಿದ್ದನಾ?" ಅಂತ ವಕೀಲರು ನನ್ನ ತಮ್ಮನನ್ನು ಕೇಳಿದರು. ನಾನು ಅವನ ಮುಖ ನೋಡಿದೆ. ನಿಜ ಹೇಳಬೇಕೆಂದರೆ, ಹೂಂ ಅನ್ನಲಿ ಅಂತ ನನ್ನ ಮನಸ್ಸು ಬಯಸಿತು. ಅವನು ನನ್ನ ಕಡೆ ತಿರುಗಿ, "ಕೀ ಕೊಟ್ಟೋನು ನಾನೇ ಅಲ್ವಾ ಅಕ್ಕಾ, ಗೊತ್ತಿರಲಿಲ್ಲ ಅಂತ ಹೆಂಗೆ ಹೇಳಲಿ" ಅಂದ.

ತಪ್ಪು ಒಪ್ಪಿಕೊಂಡ. ಜೈಲಿಲ್ಲದೆ ದಂಡದಲ್ಲಿ ಮುಗಿಯಿತು. ನಾನು ಚೀಟಿ ಎತ್ತಿ ದುಡ್ಡು ಕೊಟ್ಟೆ. ಗಾಡಿ ಸ್ಟೇಷನ್ನಿನಲ್ಲಿದ್ದ ಅಷ್ಟೂ ದಿನ ಅವನು ಆಟೋದಲ್ಲಿ ಮಂಡಕ್ಕಿ ಸಾಗಿಸಿದ. ಆ ಬಾಡಿಗೆಯ ಲೆಕ್ಕ ಇವತ್ತಿಗೂ ನನಗೆ ಹೇಳಿಲ್ಲ.

ಈ ಕಾನೂನು ಸರಿಯಿದೆ ಅಂತಲೇ ನಾನು ಹೇಳುತ್ತೇನೆ. ದಂಡ ಕಟ್ಟಿದ ಮನೆಯವಳಾಗಿ ಹೇಳುತ್ತಿದ್ದೇನೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸಿದ ಕಾರಿಗೆ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳ ಜೀವ ಹೋಯಿತು. ಮುನ್ನೂರು ಪದಗಳ ಪ್ರಬಂಧ ಬರೆ ಅಂತ ಷರತ್ತು ಹಾಕಿ ಅವನಿಗೆ ಜಾಮೀನು ಕೊಟ್ಟಾಗ ನಾವೆಲ್ಲ ಸಿಟ್ಟಾಗಿದ್ದೆವು. ಅಪ್ಪನನ್ನು ಪೊಲೀಸರು ಹಿಡಿದಾಗ ಸರಿಯಾಯಿತು ಅಂದವಳು ನಾನು. ಆ ಕಾರಿಗೂ ನಮ್ಮ ಎಕ್ಸ್‌ಎಲ್‌ಗೂ ಬೆಲೆಯಲ್ಲಿ ಆಕಾಶ-ಭೂಮಿ ವ್ಯತ್ಯಾಸ ಇರಬಹುದು, ಆದರೆ ಎರಡರ ಕೀಯನ್ನೂ ಮನೆಯ ದೊಡ್ಡವರೇ ಕೊಟ್ಟಿದ್ದು. ನನ್ನ ಮಗ ಯಾರಿಗೂ ಗುದ್ದಲಿಲ್ಲ. ಅಷ್ಟೇ ನಮ್ಮ ಪುಣ್ಯ. ಗುದ್ದಿದ್ದರೆ? ಪೆಟ್ಟಾದವರಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಟ್ಟರೂ, ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟಿದ್ದಕ್ಕೆ ಆ ದುಡ್ಡನ್ನು ಮಾಲೀಕನಿಂದ ವಸೂಲಿ ಮಾಡಬಹುದು. ಮಂಡಕ್ಕಿ ಮಾರುವ ನನ್ನ ತಮ್ಮ ಎಲ್ಲಿಂದ ತರುತ್ತಿದ್ದ? ಮನೆ ಮಾರಬೇಕಿತ್ತು.

ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಪ್ಪತ್ತೈದರವರೆಗೆ ಲೈಸೆನ್ಸ್ ಇಲ್ಲ ಅನ್ನುವುದು. ಓದುವ ಹುಡುಗ ಹೇಗೋ ತಡೆದುಕೊಳ್ಳುತ್ತಾನೆ. ಆಟೋ ಓಡಿಸಿ ಮನೆ ಸಾಕಬೇಕಾದ ಹುಡುಗ, ಎಪಿಎಂಸಿಯಲ್ಲಿ ಲೋಡ್ ಗಾಡಿಗೆ ಡ್ರೈವರ್ ಆಗಬೇಕು ಅಂದುಕೊಂಡ ಹುಡುಗ ಏಳೆಂಟು ವರ್ಷ ಏನು ಮಾಡಬೇಕು? ಕೀ ಕೊಟ್ಟ ದೊಡ್ಡವರು ಒಂದು ಸಲ ದಂಡ ಕಟ್ಟಿ ಮನೆಗೆ ಹೋಗುತ್ತಾರೆ. ಹುಡುಗನ ದುಡಿಮೆಯ ದಾರಿಯೇ ಮುಚ್ಚುತ್ತದೆ. ಹೊಟ್ಟೆಪಾಡಿಗೆ ಲೈಸೆನ್ಸ್ ಇಲ್ಲದೆಯೇ ಓಡಿಸುತ್ತಾನೆ. ಇದನ್ನು ಸರ್ಕಾರ ಮತ್ತೆ ಯೋಚಿಸಬೇಕು.

ಇನ್ನೊಂದು ವಿಚಾರ ನಮ್ಮ ಊರಿಗೇ ಸೇರಿದ್ದು. ದಾವಣಗೆರೆಯನ್ನು ವಿದ್ಯಾಕಾಶಿ ಅಂತೀವಿ. ಸುತ್ತಲಿನ ತಾಲ್ಲೂಕುಗಳಿಂದ, ಚಿತ್ರದುರ್ಗದ ಕಡೆಯಿಂದೆಲ್ಲ ಮಕ್ಕಳು ಬಂದು ಓದುತ್ತಾರೆ. ಯಾವುದೇ ಪಿಯು ಕಾಲೇಜಿನ ಗಾಡಿ ಸ್ಟ್ಯಾಂಡ್ ನೋಡಿ. ಪಿಯುಸಿ ಮಕ್ಕಳ ವಯಸ್ಸು ಎಷ್ಟು? ಹದಿನಾರು, ಹದಿನೇಳು. ಹಾಗಾದರೆ ಸಾಲಾಗಿ ನಿಂತ ಆ ಸ್ಕೂಟಿಗಳಲ್ಲಿ ಎಷ್ಟಕ್ಕೆ ಲೈಸೆನ್ಸ್ ಇದ್ದೀತು? ಪ್ರಿನ್ಸಿಪಾಲರಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತು, ನಮಗೂ ಗೊತ್ತು. ಹದಿನೆಂಟು ತುಂಬದ ಮಗಳಿಗೆ ಮದುವೆ ಮಾಡಿದರೆ ಅಪ್ಪ-ಅಮ್ಮನ ಮೇಲೆ ಕೇಸ್ ಬೀಳುತ್ತದೆ ಅಂತ ಈಗ ಹಳ್ಳಿಹಳ್ಳಿಗೂ ಗೊತ್ತಾಗಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು ಅನ್ನುವುದನ್ನು ಶಾಲೆ ಮಕ್ಕಳೇ ಹೇಳುತ್ತಾರೆ. ಗಾಡಿಯ ವಿಷಯದಲ್ಲಿ ಅದೇ ಹದಿನೆಂಟಕ್ಕೆ ನಾವು ಬೆಲೆ ಕೊಡುತ್ತಿಲ್ಲ.

ಹೆಣ್ಣುಮಕ್ಕಳ ತಾಯಂದಿರ ಕಷ್ಟ ನನಗೆ ಗೊತ್ತಿದೆ. ಕತ್ತಲಲ್ಲಿ ನಡೆದುಕೊಂಡು ಹೋಗುವುದಕ್ಕಿಂತ ಸ್ಕೂಟಿಯಲ್ಲಿ ಬೇಗ ಹೋಗಿ ಬರಲಿ ಅಂತ ಕೊಡುತ್ತಾರೆ. ಭಯಕ್ಕೆ ಕೊಡುತ್ತಾರೆ, ಶೋಕಿಗಲ್ಲ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ 5:45ಕ್ಕೆ ಕ್ಲಾಸ್ ಇಡಲೇಬೇಕು ಅಂತ ಯಾರು ಹೇಳಿದರು? ಬಸ್ ಓಡಾಡುವ ಹೊತ್ತಿಗೆ ಇಡಿ ಅಂತ ನಾವು ಯಾರಾದರೂ ಒಂದು ದಿನ ಕೇಳಿದ್ದೇವಾ? ಫೀಸ್ ಕಟ್ಟಿದೆವು, ಟೈಮ್ ಕೇಳಿದೆವು, ಗಾಡಿ ಹುಡುಕಿದೆವು. ನಾನೂ ಅದನ್ನೇ ಮಾಡಿದೆ.

ಈಗ ಮಗ ಸೈಕಲ್ ತುಳಿಯುತ್ತಿದ್ದಾನೆ. ಇಪ್ಪತ್ತು ನಿಮಿಷ ಮುಂಚೆ ಏಳುತ್ತಾನೆ. ಮೊದಲ ವಾರ ಮುಖ ಊದಿಸಿಕೊಂಡಿದ್ದ, ಫ್ರೆಂಡ್ಸ್ ನಗುತ್ತಾರೆ ಅಂದ. ಒಂದು ಸಂಜೆ ತಾನಾಗಿಯೇ ಮಾವನ ಮನೆಗೆ ಹೋಗಿ ಮಂಡಕ್ಕಿ ಚೀಲ ಇಳಿಸಿಕೊಟ್ಟು ಬಂದ. ಏನು ಮಾತಾಡಿಕೊಂಡರೋ ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬರುವ ಭಾನುವಾರ ಸಂಜೆ ನಾವು ಏಳು ಜನ ಅಪ್ಪ-ಅಮ್ಮಂದಿರು ಟ್ಯೂಷನ್ ಮೇಷ್ಟ್ರ ಹತ್ತಿರ ಹೋಗುತ್ತಿದ್ದೇವೆ, ಕ್ಲಾಸನ್ನು ಏಳು ಗಂಟೆಗೆ ಮಾಡಿ ಅಂತ ಕೇಳೋಕೆ. ಬೆಳಿಗ್ಗೆ ಬೇಗ ಒಂದು ಬಸ್ ಬಿಡಿ ಅಂತ ಡಿಪೋಗೆ ಕೊಡಲು ಅರ್ಜಿಯನ್ನೂ ಬರೆದಿಟ್ಟಿದ್ದೇನೆ. ನಿಟುವಳ್ಳಿ, ಕೆಟಿಜೆ ನಗರದ ಕಡೆಯವರು ಯಾರಾದರೂ ಸಹಿ ಹಾಕುವುದಿದ್ದರೆ ಮೆಸೇಜ್ ಮಾಡಿ, ಅರ್ಜಿ ಹಿಡಿದುಕೊಂಡು ನಾನೇ ಮನೆಗೆ ಬರುತ್ತೇನೆ.