ಸರ್ಟಿಫಿಕೇಟ್ ಅಸಲಿ, ನಲ್ಲಿ ಬೇರೆ

ಒಂದು ಆಫೀಸ್ ಕಟ್ಟಡದ ಶೌಚಾಲಯಗಳಿಗೆ ನಲವತ್ತು ಸೆನ್ಸರ್ ನಲ್ಲಿಗಳು ಬಂದಿದ್ದವು. ಪೆಟ್ಟಿಗೆ ಚೆಂದ, ಹೊಳಪು ಚೆಂದ, ಜೊತೆಗೆ ಸೀಲು ಹೊಡೆದ ಸರ್ಟಿಫಿಕೇಟ್. "ಎಲ್ಲ ಸರಿ ಇದೆ ಮೇಡಂ, ಸೈನ್ ಮಾಡಿಬಿಡಿ" ಎಂದರು ತಂದವರು. ಮಾಡಿಯೇಬಿಡುತ್ತಿದ್ದೆ. ಸುಮ್ನೆ ಒಂದು ಸಲ ಮಾಡೆಲ್ ನಂಬರ್ ನೋಡಿದೆ. ಕಾಗದದಲ್ಲಿ ಇದ್ದದ್ದು ಬೇಸಿನ್ ಮೇಲೆ ಕೂರಿಸುವ ನಲ್ಲಿ. ಪೆಟ್ಟಿಗೆಯಲ್ಲಿ ಇದ್ದದ್ದು ಗೋಡೆಗೆ ಹಾಕುವ ನಲ್ಲಿ. ಕಂಪನಿ ಒಂದೇ, ಹೆಸರೂ ಹೆಚ್ಚುಕಡಿಮೆ ಒಂದೇ, ಕೊನೆಯ ಎರಡು ಅಕ್ಷರ ಮಾತ್ರ ಬೇರೆ. ಸರ್ಟಿಫಿಕೇಟ್ ನಕಲಿ ಅಲ್ಲವೇ ಅಲ್ಲ. ಅಣ್ಣನ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ತಮ್ಮ ಗಾಡಿ ಓಡಿಸಿದ ಹಾಗೆ, ಅಷ್ಟೇ.

ಈ ಕೆಲಸದಲ್ಲಿ ನಾನು ನೋಡಿರುವ ತೊಂದರೆಗಳಲ್ಲಿ ಜಾಸ್ತಿ ಪಾಲು ಇಂಥವೇ. ಮೋಸ ಕಡಿಮೆ, ಉದಾಸೀನ ಹೆಚ್ಚು. ಕಾಗದ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಅದು ಯಾವುದರ ಕಾಗದ, ಏನು ಹೇಳುತ್ತದೆ ಎಂದು ಯಾರೂ ಓದುವುದಿಲ್ಲ.

ಕೆಲವರು ಐಎಸ್‌ಒ 9001 ಸರ್ಟಿಫಿಕೇಟ್ ತಂದು ತೋರಿಸುತ್ತಾರೆ. ಅದು ಕಾರ್ಖಾನೆಯ ಕೆಲಸದ ವ್ಯವಸ್ಥೆಗೆ ಕೊಟ್ಟದ್ದು. ನಿಮ್ಮ ಕೈಯಲ್ಲಿರುವ ನಲ್ಲಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಕೆಲವರ ಕ್ಯಾಟಲಾಗಿನಲ್ಲಿ 'ಮಾನದಂಡಕ್ಕೆ ಅನುಗುಣವಾಗಿದೆ' ಎಂದಿರುತ್ತದೆ. ಅದು ಮಾರುವವರೇ ತಮ್ಮ ಬಗ್ಗೆ ಹೇಳಿಕೊಂಡ ಮಾತು. ಇನ್ನು ಕೆಲವರು ಲ್ಯಾಬ್ ರಿಪೋರ್ಟ್ ಕೊಡುತ್ತಾರೆ. ಆವತ್ತು ಲ್ಯಾಬಿಗೆ ಹೋದ ಆ ಒಂದು ಪೀಸ್ ಪಾಸಾಯಿತು ಎನ್ನುವುದಕ್ಕಿಂತ ಹೆಚ್ಚೇನೂ ಅದು ಹೇಳುವುದಿಲ್ಲ. ನಿಜವಾದ ಪ್ರಾಡಕ್ಟ್ ಸರ್ಟಿಫಿಕೇಶನ್ ಎಂದರೆ, ಮಾರುವವರಿಗೂ ಕೊಳ್ಳುವವರಿಗೂ ಸಂಬಂಧವಿಲ್ಲದ ಮೂರನೆಯವರು ಪರೀಕ್ಷೆ ನೋಡಿ, ಆಮೇಲೂ ಕಾರ್ಖಾನೆಗೆ ಹೋಗಿ ತಪಾಸಣೆ ಮಾಡುತ್ತಾ, ಆ ಮಾಡೆಲನ್ನು ತಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು. ಅವರ ಆ ಪಟ್ಟಿ ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಮಾಡೆಲ್ ನಂಬರ್ ಹಾಕಿ ಹುಡುಕಲು ಎರಡು ನಿಮಿಷ ಸಾಕು. ಹಾಗಾಗಿ ನಾನು ಈಗೀಗ ಪಿಡಿಎಫ್ ಕೇಳುವುದನ್ನೇ ಬಿಟ್ಟಿದ್ದೇನೆ. ನಂಬರ್ ಕೊಡಿ, ನಾನೇ ಹುಡುಕುತ್ತೇನೆ ಅನ್ನುತ್ತೇನೆ. ಮುಖ ಸಪ್ಪೆ ಮಾಡಿಕೊಳ್ಳುವವರು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ಮಾರ್ಕ್ ಒಂದು ಪ್ರಶ್ನೆಗೆ ಮಾತ್ರ ಉತ್ತರ. ಆಸ್ಟ್ರೇಲಿಯಾದಲ್ಲಿ ವಾಟರ್‌ಮಾರ್ಕ್ ಬೇರೆ, ವೆಲ್ಸ್ ಬೇರೆ. ಮೊದಲನೆಯದು ಈ ಸಾಮಾನು ನೀರಿನ ಲೈನಿಗೆ ಹಾಕಲು ಯೋಗ್ಯವಾ ಎಂದು ನೋಡುತ್ತದೆ, ಎರಡನೆಯದು ಎಷ್ಟು ನೀರು ಕುಡಿಯುತ್ತದೆ ಎಂದು. ಅಮೆರಿಕದಲ್ಲಿ ಎನ್‌ಎಸ್‌ಎಫ್ 372 ಎನ್ನುವ ಮಾನದಂಡ ಲೋಹದಲ್ಲಿ ಸೀಸ ಎಷ್ಟಿದೆ ಎಂದು ನೋಡಿದರೆ, ಎನ್‌ಎಸ್‌ಎಫ್ 61 ನೀರಿಗೆ ಏನೇನು ಬಿಡುತ್ತದೆ ಎಂದು ನೋಡುತ್ತದೆ. ಎರಡೂ ಒಂದೇ ಎಂದುಕೊಂಡವರು ಬಹಳ ಜನ. ನಾನೂ ಒಂದು ಕಾಲಕ್ಕೆ ಆ ಗುಂಪಿನಲ್ಲೇ ಇದ್ದೆ.

ಸೀಸದ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ಹಿತ್ತಾಳೆಗೆ ಸ್ವಲ್ಪ ಸೀಸ ಬೆರೆಸಿದರೆ ಕಡಿಯಲು, ತಿರುಪು ಕೊರೆಯಲು ಸಲೀಸು. ಅದಕ್ಕೇ ಬೆರೆಸುತ್ತಾರೆ. ಅಮೆರಿಕದ ಕಾನೂನಿನಲ್ಲಿ 2014ರ ಜನವರಿಯ ತನಕ ಪೈಪು ಫಿಟ್ಟಿಂಗುಗಳಲ್ಲಿ 8 ಪರ್ಸೆಂಟ್ ಸೀಸ ಇದ್ದರೂ ಅದನ್ನು 'ಸೀಸರಹಿತ' ಎಂದು ಕರೆಯಬಹುದಾಗಿತ್ತು! ಆಮೇಲೆ ನೀರು ತಾಗುವ ಭಾಗದಲ್ಲಿ ಸರಾಸರಿ 0.25 ಪರ್ಸೆಂಟಿಗೆ ಇಳಿಸಿದರು. ಅಲ್ಲೂ ಫ್ಲಶ್ ವಾಲ್ವು, ಕಮೋಡು, ಯೂರಿನಲ್‌ಗಳಿಗೆ ವಿನಾಯಿತಿ, ಯಾಕೆಂದರೆ ಆ ನೀರನ್ನು ಯಾರೂ ಕುಡಿಯುವುದಿಲ್ಲ. ಅಂದರೆ ಒಂದೇ ಶೌಚಾಲಯದಲ್ಲಿ, ನಾಲ್ಕು ಹೆಜ್ಜೆ ಅಂತರದಲ್ಲಿ, ಒಂದೇ ಲೋಹಕ್ಕೆ ಎರಡು ನಿಯಮ. 'ಸೀಸರಹಿತ' ಎಂಬ ಪದ ಕಂಡಾಗ ಯಾವ ವರ್ಷದ ಯಾವ ಕಾನೂನಿನ ಪ್ರಕಾರ ಎಂದು ಕೇಳುವ ಚಾಳಿ ನನಗೆ ಅಂಟಿದ್ದು ಇದರಿಂದಲೇ.

ಮನೆಯ ನಲ್ಲಿಯನ್ನೇ ತಂದು ಆಫೀಸಿಗೆ ಹಾಕಿದರೆ ಏನಾಯ್ತು, ಅದಕ್ಕೂ ಸರ್ಟಿಫಿಕೇಟ್ ಇದೆಯಲ್ಲ ಎಂದು ವಾದ ಮಾಡುವವರಿದ್ದಾರೆ. ಎಎಸ್‌ಎಂಇ ಎ112.18.1 ಮಾನದಂಡವನ್ನೇ ನೋಡಿ. ಸಾರ್ವಜನಿಕ ಬೇಸಿನ್ನಿನ ನಲ್ಲಿಗೆ ನಿಮಿಷಕ್ಕೆ 1.9 ಲೀಟರ್ ಮಿತಿ. ಒತ್ತಿದಾಗ ಬಂದು ತಾನೇ ನಿಲ್ಲುವ ನಲ್ಲಿಗೆ ಒಂದು ಒತ್ತಿಗೆ ಒಂದು ಲೀಟರಿಗಿಂತ ಚೂರು ಕಡಿಮೆ. ಮನೆಯ ನಲ್ಲಿಗೆ ಮಿತಿ ಇದಕ್ಕಿಂತ ಎಷ್ಟೋ ಜಾಸ್ತಿ. ಬಾಳಿಕೆಯ ಪರೀಕ್ಷೆಯೂ ಊರಿಗೊಂದು ತರ. ಅಮೆರಿಕದ ಈ ಮಾನದಂಡದಲ್ಲಿ ಐದು ಲಕ್ಷ ಸಲ ತೆರೆದು ಮುಚ್ಚಬೇಕು. ಯುರೋಪಿನ ಇಎನ್ 817ರಲ್ಲಿ ಎಪ್ಪತ್ತು ಸಾವಿರ. ಪರೀಕ್ಷೆಯ ರೀತಿ ಬೇರೆ, ನಿಜ. ಆದರೆ ದಿನಕ್ಕೆ ಸಾವಿರ ಕೈ ತಾಗುವ ಜಾಗಕ್ಕೆ ನಲ್ಲಿ ಆರಿಸುವಾಗ ಯಾವ ಪರೀಕ್ಷೆ ಎಂದು ಕೇಳಬೇಕಲ್ವಾ?

ನನಗೆ ಎಲ್ಲಕ್ಕಿಂತ ಹೆದರಿಕೆ ಇರುವುದು ನೀರು ಹಿಂದಕ್ಕೆ ಹರಿಯುವ ವಿಷಯದಲ್ಲಿ. ಲೈನಿನಲ್ಲಿ ಒತ್ತಡ ಸಡನ್ನಾಗಿ ಬಿದ್ದರೆ ಪೈಪು ನೀರನ್ನು ಕೊಡುವ ಬದಲು ಹೀರುತ್ತದೆ. ಆಗ ನಲ್ಲಿಯ ಬಾಯಿ ಕೊಳಕು ನೀರಿನಲ್ಲಿ ಮುಳುಗಿದ್ದರೆ ಆ ಕೊಳಕೇ ಲೈನಿಗೆ. ಬೇಸಿನ್ನಿನ ಅಂಚಿಗಿಂತ ನಲ್ಲಿಯ ಬಾಯಿ ಇಷ್ಟು ಮೇಲಿರಬೇಕು ಎಂಬ ನಿಯಮ, ಫ್ಲಶ್ ವಾಲ್ವಿನಲ್ಲಿ ಗಾಳಿ ಒಳಬಿಟ್ಟು ಈ ಹೀರುವಿಕೆಯನ್ನು ತಡೆಯುವ ವ್ಯಾಕ್ಯೂಮ್ ಬ್ರೇಕರ್, ಎಲ್ಲ ಇದಕ್ಕೇ. 1933ರಲ್ಲಿ ಶಿಕಾಗೋದಲ್ಲಿ ವಿಶ್ವಮೇಳ ನಡೆಯುತ್ತಿದ್ದಾಗ ಎರಡು ಹೋಟೆಲುಗಳಲ್ಲಿ ಕೊಳಚೆ ನೀರು ಕುಡಿಯುವ ನೀರಿಗೆ ಸೇರಿ ಅಮೀಬಾ ಆಮಶಂಕೆ ಹಬ್ಬಿತು. ಸುಮಾರು 1,400 ಜನಕ್ಕೆ ಕಾಯಿಲೆ, 98 ಜನರ ಸಾವು. ತಪ್ಪು ಇದ್ದದ್ದು ಪ್ಲಂಬಿಂಗಿನಲ್ಲಿ. ಇದನ್ನು ಓದಿದ ಮೇಲೆ ಕಮೋಡಿನ ಪಕ್ಕದ ಜೆಟ್ ಸ್ಪ್ರೇ ಕಂಡರೆ ಅದರ ಪೈಪು ಎಷ್ಟು ಉದ್ದವಿದೆ ಎಂದು ನೋಡುತ್ತೇನೆ. ಕಮೋಡಿನೊಳಗೆ ಇಳಿಯುವಷ್ಟು ಉದ್ದವಿದ್ದರೆ ಕಥೆ ಮುಗಿಯಿತು. ಬ್ರಿಟನ್ನಿನ ನಿಯಮಗಳು ಅದನ್ನು ಅತಿ ಅಪಾಯದ ಐದನೇ ವರ್ಗಕ್ಕೆ ಸೇರಿಸಿವೆ. ಸ್ಪ್ರೇಗೆ ಎಂಥ ಒಳ್ಳೆ ಸರ್ಟಿಫಿಕೇಟ್ ಇದ್ದರೂ ಹಾಕಿದ ರೀತಿ ತಪ್ಪಾದರೆ ಆ ಕಾಗದದಿಂದ ಏನೂ ಉಪಯೋಗವಿಲ್ಲ.

ನಿಯಮ ನಿಯಮಗಳೇ ಜಗಳ ಆಡುವುದೂ ಉಂಟು. ನ್ಯುಮೋನಿಯಾ ತರಬಲ್ಲ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು ಹೆಚ್ಚಾಗಿ 20ರಿಂದ 45 ಡಿಗ್ರಿಯ ಬೆಚ್ಚನೆ ನೀರಿನಲ್ಲಿ. ಅದಕ್ಕೇ ಬಿಸಿನೀರನ್ನು 60 ಡಿಗ್ರಿಯಲ್ಲಿ ಇಡಿ ಅನ್ನುತ್ತಾರೆ. ಆದರೆ 60 ಡಿಗ್ರಿ ನೀರು ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಅದಕ್ಕೇ ನಲ್ಲಿಯ ಹತ್ತಿರ ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ವಾಲ್ವ್. ಬೆರೆಸಿದ ಕೂಡಲೇ ಆ ಚಿಕ್ಕ ಪೈಪಿನಲ್ಲಿ ಮತ್ತೆ ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ಬೆಚ್ಚಗೆ. ಮೇಲಿಂದ ನೀರು ಉಳಿಸಲು ಹರಿವು ಕಡಿಮೆ ಮಾಡಿದ್ದೇವೆ, ನೀರು ಪೈಪಿನಲ್ಲೇ ಕೂತಿರುತ್ತದೆ. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸಂಶೋಧಕರು ನೋಡಿದಾಗ ಸೆನ್ಸರ್ ನಲ್ಲಿಗಳ ನೀರಿನ ಸ್ಯಾಂಪಲ್‌ಗಳಲ್ಲಿ ಅರ್ಧದಷ್ಟರಲ್ಲಿ ಲೆಜಿಯೊನೆಲ್ಲಾ ಸಿಕ್ಕಿತು. ಕೈಯಿಂದ ತಿರುಗಿಸುವ ಹಳೇ ನಲ್ಲಿಗಳಲ್ಲಿ 15 ಪರ್ಸೆಂಟ್. ಸೆನ್ಸರಿನೊಳಗಿನ ವಾಲ್ವುಗಳ ಸಂದಿಗೊಂದಿಗಳ ಮೇಲೆ ಅವರಿಗೆ ಅನುಮಾನ. ಮುಟ್ಟದೇ ಇದ್ದರೆ ಶುಚಿ ಎಂದುಕೊಂಡಿದ್ದ ನಮಗೆ ಇದು ಸ್ವಲ್ಪ ಕಹಿಯೇ. ಸೆನ್ಸರ್ ನಲ್ಲಿ ಬೇಡ ಎಂದು ನಾನು ಹೇಳುತ್ತಿಲ್ಲ. ರಜೆಯಲ್ಲಿ ಕಟ್ಟಡ ಮುಚ್ಚಿ ತೆರೆದಾಗ ನೀರು ಬಿಟ್ಟು ಪೈಪು ತೊಳೆಯುವವರು ಯಾರು ಎಂದು ಕೇಳುತ್ತಿದ್ದೇನೆ. ಆ ಕೆಲಸ ಯಾವ ಸರ್ಟಿಫಿಕೇಟಿನಲ್ಲೂ ಇಲ್ಲ.

ಆ ನಲವತ್ತು ನಲ್ಲಿಗಳನ್ನು ವಾಪಸ್ ಕಳಿಸಿದೆ. ಸರಿಯಾದವು ಬರಲು ತಡವಾಯಿತು, ಬೈಸಿಕೊಂಡೆ. ಬಂದವನ್ನು ಹಾಕಿದ ದಿನವೇ ಒಂದು ಲೀಟರಿನ ಜಗ್ಗು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಒಂದೊಂದರದ್ದೂ ಅಳೆದು ಬರೆದಿಟ್ಟೆ. ಎಲ್ಲ ಮಿತಿಯೊಳಗೇ ಇದ್ದವು. ಮೂರು ತಿಂಗಳಾದ ಮೇಲೆ ಮತ್ತೆ ಹೋದೆ. ಮೊದಲ ನಲ್ಲಿಗೆ ಕೈ ಒಡ್ಡಿದರೆ ಧೋ ಅಂತ ನೀರು, ಸೀರೆ ಒದ್ದೆ. ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ, ಹರಿವು ತಗ್ಗಿಸುವ ಪುಟ್ಟ ಜಾಲರಿ, ಏರೇಟರ್, ಅದೇ ಇಲ್ಲ! ಪಕ್ಕದ್ದರಲ್ಲೂ ಇಲ್ಲ. ನೀರು ಸಣ್ಣಗೆ ಬರುತ್ತದೆ ಎಂದು ಜನ ಕಂಪ್ಲೇಂಟ್ ಕೊಟ್ಟಿದ್ದರಂತೆ. "ಬಿಚ್ಚಿಟ್ಟಿದ್ದೀನಿ ಮೇಡಂ, ಒಂದೂ ಕಳೆದಿಲ್ಲ" ಎಂದು ಮೇಂಟೆನೆನ್ಸ್ ಹುಡುಗ ಬಹಳ ಪ್ರಾಮಾಣಿಕವಾಗಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಕೊಟ್ಟ. ಎಣಿಸಿದೆ. ಮೂವತ್ತೊಂದು ಇದ್ದವು. ಉಳಿದ ಒಂಬತ್ತಕ್ಕೆ ಅವನ ಸ್ಪ್ಯಾನರ್ ಹಿಡಿದಿರಲಿಲ್ಲವಂತೆ.