ಸ್ಪಷ್ಟನೆ: ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ

'ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದರೆ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಸುರಿಯಿರಿ' ಎಂಬ ಮೆಸೇಜು ಓಡಾಡುತ್ತಿದೆ. ಮೊನ್ನೆ ನಾನೂ ಪೂರ್ತಿ ಓದದೆ ಮುಂದೆ ಕಳಿಸಿದ್ದೆ. ಅದು ತಪ್ಪು.

ರೇಡಿಯೇಟರ್‌ನಲ್ಲಿ ಹರಿದು ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಒತ್ತಡದಲ್ಲಿರುತ್ತದೆ, ಹಾಗಾಗಿ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತಿರುವಿದಿರೋ, ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೇ ಚಿಮ್ಮುತ್ತದೆ. ಆವಿ ಇಳಿಯುವ ಮೊದಲೇ ಕುಕ್ಕರ್ ಮುಚ್ಚಳ ಎಳೆದ ಹಾಗೆ. ರೇಡಿಯೇಟರ್ ಮುಚ್ಚಳದ ಮೇಲೆ ಸಾಮಾನ್ಯವಾಗಿ ಈ ಎಚ್ಚರಿಕೆ ಅಚ್ಚಾಗಿರುತ್ತದೆ, ನಾವು ನೋಡುವುದಿಲ್ಲ ಅಷ್ಟೆ.

ಇನ್ನು ತಣ್ಣೀರು. ಎಂಜಿನ್‌ನ ಮೇಲ್ಭಾಗದಲ್ಲಿರುವ ಕಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಹಠಾತ್ತನೆ ತಣಿದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿ ಕೂಲೆಂಟ್ ಆಯಿಲ್‌ಗೆ ಬೆರೆತರೆ ಆಯಿಲ್ ಮುಚ್ಚಳದಡಿ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಾಣುತ್ತದೆ. ಆಮೇಲೆ ಎಂಜಿನ್ ಬಿಚ್ಚದೆ ಗತಿಯಿಲ್ಲ.

ಮಾಡಬೇಕಾದದ್ದು ಇಷ್ಟೇ: ಎಸಿ ಆರಿಸಿ, ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಪೂರ್ತಿ ತಣ್ಣಗಾದ ಮೇಲೆ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನಕ್ಕೆ ಬಿಚ್ಚಿ. ಕೂಲೆಂಟ್ ಕಮ್ಮಿಯಿದ್ದರೆ ಸ್ವಲ್ಪ ಸ್ವಲ್ಪವೇ ತುಂಬಿಸಿ.

ಹಳೆಯ ಮೆಸೇಜು ನಿಮ್ಮ ಗ್ರೂಪಿನಲ್ಲಿದ್ದರೆ ದಯವಿಟ್ಟು ಅಳಿಸಿ, ಫಾರ್ವರ್ಡ್ ಮಾಡಬೇಡಿ.