ಆಷಾಢದ ಲೆಕ್ಕ ಹಿಡಿದು ಶ್ರಾವಣ ಮಾಡಲು ಹೊರಟ ಆ್ಯಪ್

ನಿನ್ನೆ ಮೈದುನ ಮನೆಗೆ ಬಂದಿದ್ದ. "ಅತ್ತಿಗೆ, ನೀವು ಸಂಬಳ ಬಂದ ದಿನ ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆಡಿಸ್ಕೋತೀರಲ್ಲ, ಇಲ್ನೋಡಿ, ನಂದು ಎರಡೇ ಸೆಕೆಂಡು" ಅಂತ ಫೋನು ಮುಂದೆ ಹಿಡಿದ. ಯಾವುದೋ ಹೊಸ ಬಜೆಟ್ ಆ್ಯಪ್. ಒಂದು ಬಟನ್ ಒತ್ತಿದ. ಸಂಬಳವೆಲ್ಲ ಟಪಟಪ ಅಂತ ಹಂಚಿಹೋಯಿತು. ಬಾಡಿಗೆ, ದಿನಸಿ, ಹೋಟೆಲ್, ಪೆಟ್ರೋಲ್, ಎಲ್ಲ ಸಾಲಿನಲ್ಲೂ ಒಂದೊಂದು ಅಂಕಿ. ಮೇಲೆ ಹಸಿರು ಬಣ್ಣದಲ್ಲಿ ಟಿಕ್ ಮಾರ್ಕು ಬೇರೆ.

ನನ್ನ ಲೆಕ್ಕದ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ಫೋನು ಕಿತ್ತುಕೊಂಡು ಒಂದೊಂದೇ ಸಾಲು ಓದಿದೆ. ದಿನಸಿಗೆ 1,800. ಹೋಟೆಲ್‌ಗೆ 9,400. ಪೆಟ್ರೋಲ್‌ಗೆ 7,000.

ಆಮೇಲೆ ಹೊಳೆಯಿತು. ಹೋದ ತಿಂಗಳು ಆಷಾಢ. ಮದುವೆಯಾದ ಮೊದಲ ಆಷಾಢ ಅಂತ ಹೆಂಡತಿ ತವರಿಗೆ ಹೋಗಿದ್ದಳು. ಇವನು ಮೂರು ಹೊತ್ತೂ ಹೊರಗೆ ತಿಂದ. ಶನಿವಾರ ಬಂತೆಂದರೆ ಕಾರು ಹತ್ತಿ ಶಿವಮೊಗ್ಗಕ್ಕೆ ಓಡಿದ. (ಅತ್ತೆ ಅಳಿಯ ಒಂದೇ ಹೊಸಲು ದಾಟಬಾರದು ಅನ್ನೋ ಶಾಸ್ತ್ರವನ್ನು ಅಲ್ಲಿ ಹೇಗೆ ನಿಭಾಯಿಸಿದ ಅಂತ ನಾನು ಕೇಳಲಿಲ್ಲ.) ಆ್ಯಪ್ ಅದನ್ನೆಲ್ಲ ಶ್ರದ್ಧೆಯಿಂದ ನೋಡಿಕೊಂಡಿದೆ. ಹೋದ ತಿಂಗಳು ಏನು ಖರ್ಚಾಯಿತೋ ಅದನ್ನೇ ಈ ತಿಂಗಳಿಗೂ ಬರೆದು ಕೈತೊಳೆದುಕೊಂಡಿದೆ.

ಈಗ ಶ್ರಾವಣ. ಹುಡುಗಿ ವಾಪಸ್ ಬಂದಿದ್ದಾಳೆ, ಮನೆಯಲ್ಲಿ ಅಡುಗೆ ಆಗುತ್ತಿದೆ. ಮದುವೆಯಾದ ಮೇಲಿನ ಮೊದಲ ವರಮಹಾಲಕ್ಷ್ಮಿ. ಮಂಗಳವಾರ ಬಂದರೆ ಮಂಗಳಗೌರಿ. ಅದರ ಹಿಂದೆಯೇ ಗೌರಿ ಹಬ್ಬ, ಬಾಗಿನ. ತಡೆದು ನಿಂತಿದ್ದ ಮದುವೆಗಳೆಲ್ಲ ಸಾಲಾಗಿ ಶುರು. ಆ್ಯಪ್ ಹಬ್ಬಕ್ಕೆ ಇಟ್ಟದ್ದು ಸೊನ್ನೆ. ಮುಯ್ಯಿಗೆ ಸೊನ್ನೆ. ಹೌದಲ್ಲ, ಆಷಾಢದಲ್ಲಿ ಯಾರು ಸ್ವಾಮಿ ಮದುವೆ ಮಾಡ್ತಾರೆ?

"ಈ ತಿಂಗಳೂ ಹೋಟೆಲಿಗೆ ಒಂಬತ್ತು ಸಾವಿರ ಯಾಕೋ?" ಅಂದೆ.

"ಅದು ಸುಮ್ನೆ ಬಂದಿದೆ ಅತ್ತಿಗೆ."

ನನಗೆ ಪಿತ್ತ ನೆತ್ತಿಗೇರಿದ್ದು ಇಲ್ಲಿ. ನಿನ್ನ ಸಂಬಳ, ನಿನ್ನ ಮನೆ, ನಿನ್ನ ತಿಂಗಳು. ಅದರಲ್ಲಿ ಒಂಬತ್ತು ಸಾವಿರ ಸುಮ್ನೆ ಎಲ್ಲಿಂದ ಬರುತ್ತೆ?

ಬಜೆಟ್ ಅಂದರೆ ಖರ್ಚಿನ ಫೋಟೋ ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಬಣ್ಣಬಣ್ಣದ ಚಕ್ರ ತೋರಿಸಿ "ನೀವು ಹೋದ ತಿಂಗಳು ಊಟಕ್ಕೆ ಇಷ್ಟು ಕಳೆದಿರಿ" ಅಂತ ಹೇಳಿದರೆ ಖುಷಿ. ಅದು ಆಗಿಹೋದ ಕಥೆ. ಕೈಗೆ ಬಂದ ದುಡ್ಡನ್ನು ಮುಂದೆ ಯಾವುದಕ್ಕೆ ಎಷ್ಟು ಅಂತ ಹಂಚೋದು ಬೇರೆ ಕೆಲಸ. ಆ ಕೆಲಸದಲ್ಲಿ ಯೋಚನೆ ಮಾಡೋದೇ ಅಸಲು, ಅಂಕಿ ಟೈಪ್ ಮಾಡೋದು ಬರೀ ಗುಮಾಸ್ತಗಿರಿ. ಗುಮಾಸ್ತಗಿರಿಯನ್ನು ಆ್ಯಪ್‌ಗೆ ಬಿಡಿ, ಬೇಡ ಅಂದವರು ಯಾರು. ಇವರು ಯೋಚನೆಯನ್ನೇ ಬಿಟ್ಟುಕೊಟ್ಟು ಕೂತಿದ್ದಾರೆ. ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಮುಹೂರ್ತ ಇಟ್ಟ ಹಾಗಾಯಿತು.

ನಾನು ಬಳಸೋದು ಆಕ್ಚುಯಲ್ ಬಜೆಟ್ ಅನ್ನೋ ಸಾಫ್ಟ್‌ವೇರ್. 2022ರಲ್ಲಿ ಓಪನ್ ಸೋರ್ಸ್ ಆಯಿತು, ಬಿಟ್ಟಿ ಸಿಗುತ್ತೆ. ಬಿಟ್ಟಿ ಅಂದ ತಕ್ಷಣ ನನ್ನ ಮುಖ ಅರಳುತ್ತೆ, ಅದೂ ನಿಮಗೆ ಗೊತ್ತು. ಅದರಲ್ಲಿ ಮೇಲೆ ಒಂದು ಅಂಕಿ ಇರುತ್ತದೆ, ಇನ್ನೂ ಹಂಚಬೇಕಾದ ದುಡ್ಡು. ಕೆಳಗೆ ಒಂದೊಂದು ಬಾಬ್ತಿಗೂ ಮೂರು ಕಾಲಂ: ಎಷ್ಟು ಇಟ್ಟೆ, ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ. ಮೇಲಿನ ಅಂಕಿ ಸೊನ್ನೆಗೆ ಇಳಿಯುವವರೆಗೆ ಹಂಚುತ್ತಾ ಹೋಗಬೇಕು. ಅಕೌಂಟಿಗೆ ಬಂದ ದುಡ್ಡನ್ನು ಮಾತ್ರ ಹಂಚೋದು, ಬರುತ್ತೆ ಅನ್ನೋದನ್ನಲ್ಲ. ಅತ್ತೆಯ ಗೃಹಲಕ್ಷ್ಮಿಯ 2,000 ಕೂಡ ಮೆಸೇಜು ಬಂದ ಮೇಲೆಯೇ ನನ್ನ ಪಟ್ಟಿಗೆ ಬರೋದು. ಉಳಿದದ್ದು ಅದೇ ಸಾಲಿನಲ್ಲಿ ಮುಂದಿನ ತಿಂಗಳಿಗೆ ಹೋಗುತ್ತದೆ. ಒಂದು ಸಾಲಿನಲ್ಲಿ ಜಾಸ್ತಿ ಖರ್ಚಾದರೆ ಇನ್ನೊಂದರಿಂದ ತೆಗೆದು ಅಲ್ಲಿಗೆ ಹಾಕಬೇಕು. ಹಾಕದಿದ್ದರೆ ಮುಂದಿನ ತಿಂಗಳು ಹಂಚೋ ದುಡ್ಡಿನಲ್ಲೇ ಅದನ್ನು ಮುರಿದುಕೊಳ್ಳುತ್ತೆ.

ಈ ತೆಗೆದು ಹಾಕೋದರಲ್ಲೇ ಇರೋದು ಮಜಾ. ವರಮಹಾಲಕ್ಷ್ಮಿ ಹಿಂದಿನ ದಿನ ಕನಕಾಂಬರದ ರೇಟು ಕೇಳಿದ್ದೀರಲ್ಲ? ಕಿಲೋಗೆ ಸಾವಿರ ದಾಟಿ ಎಲ್ಲಿಗೋ ಹೋಗಿರುತ್ತೆ. ಹೂವಿಗೆ ನಾನೂರು ಜಾಸ್ತಿ ಬೇಕು. ಎಲ್ಲಿಂದ ತೆಗೆಯಲಿ? ಹೋಟೆಲಿನಿಂದಲೋ, ನನ್ನ ಬ್ಲೌಸ್ ಹೊಲಿಗೆ ದುಡ್ಡಿನಿಂದಲೋ? ಆ ಒಂದು ನಿಮಿಷ ಕೈ ತಡೆಯುತ್ತದಲ್ಲ, ಅದಕ್ಕಾಗಿಯೇ ಇಷ್ಟೆಲ್ಲ ಸಾಫ್ಟ್‌ವೇರು. ಕೈ ತಡೆಯದ ಬಜೆಟ್ ಇಟ್ಟುಕೊಂಡು ಏನು ಮಾಡೋಣ?

"ಒಂದು ತಿಂಗಳಲ್ಲ ಅತ್ತಿಗೆ, ಮೂರು ತಿಂಗಳ ಸರಾಸರಿ ತಗೊಳ್ಳೋ ಬಟನ್ನೂ ಇದೆ" ಅಂದ ಮೈದುನ. ಸರಾಸರಿಯಂತೆ! ವರ್ಷಕ್ಕೊಮ್ಮೆ ಕಟ್ಟೋ ಎಲ್‌ಐಸಿ ಕಂತು ಯಾವ ಮೂರು ತಿಂಗಳಲ್ಲಿ ಕಾಣಿಸುತ್ತೆ? 18,000 ಕಂತಿದ್ದರೆ ತಿಂಗಳಿಗೆ 1,500 ಎತ್ತಿಡಬೇಕು. ಸರಾಸರಿ ಬಟನ್ ಅದಕ್ಕೆ ಬಹಳ ತಿಂಗಳು ಸೊನ್ನೆ ಅನ್ನುತ್ತೆ. ಕಟ್ಟಿದ ಮೇಲೆ ಮಾತ್ರ ತಿಂಗಳಿಗೆ ಆರು ಸಾವಿರ ಇಡು ಅನ್ನುತ್ತೆ. ಬೇಕಾದಾಗ ಬಾಯಿ ಬಿಡಲ್ಲ, ಮುಗಿದ ಮೇಲೆ ಕೂಗಾಡುತ್ತೆ.

ಕರೆಂಟ್ ಬಿಲ್ಲನ್ನೇ ತಗೊಳ್ಳಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮನೆ ಬಿಲ್ಲು ಬಹಳ ತಿಂಗಳು ಸೊನ್ನೆ. ಹಾಗಂತ ಆ ಸಾಲಿಗೆ ಸೊನ್ನೆ ಇಡೋಕಾಗುತ್ತಾ? ಏಪ್ರಿಲ್ ಸೆಕೆಗೆ ಫ್ಯಾನು, ಕೂಲರು ಹಗಲೂ ರಾತ್ರಿ ಓಡಿ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ದಾಟಿದ ನಾಲ್ಕು ಯೂನಿಟ್ಟಿನದು ಮಾತ್ರ ಅಂದುಕೊಂಡವರು ಬಿಲ್ಲು ನೋಡಿ ಕಣ್ಣು ಬಿಡ್ತಾರೆ. ಚಳಿಗಾಲದ ಮೂರು ಸೊನ್ನೆಗಳ ಸರಾಸರಿ ಬೇಸಿಗೆಗೆ ಯಾವ ಮೂಲೆಗೆ ಸಾಲುತ್ತೆ? (ತಮಾಷೆ ಅಂದರೆ ಆ ಯೋಜನೆಯ ಮಿತಿಯೂ ಹಳೆ ವರ್ಷದ ಸರಾಸರಿ ಬಳಕೆಯ ಮೇಲೆಯೇ ನಿಂತಿರೋದು. ಆದರೂ ಮೇಲೆ 10% ಸೇರಿಸುವಷ್ಟು ಬುದ್ಧಿ ಸರ್ಕಾರಕ್ಕಿತ್ತು.)

ಇನ್ನು ಚೀಟಿ. ನಾನು ಕಟ್ಟೋದು ಇಪ್ಪತ್ತು ಜನರ ಒಂದು ಲಕ್ಷದ ಚೀಟಿ, ತಲೆಗೆ 5,000. ಯಾರೋ ಅರ್ಜೆಂಟ್ ಇದ್ದವರು 25,000 ಬಿಟ್ಟು (ಅಂದರೆ ಲಕ್ಷದ ಬದಲು 75,000 ಸಾಕು ಅಂತ) ಚೀಟಿ ಎತ್ತಿದರು ಅಂದುಕೊಳ್ಳಿ. ನಡೆಸುವವರ ಕಮಿಷನ್ 5,000 ಹೋಗಿ ಉಳಿದ 20,000 ಎಲ್ಲರಿಗೂ ಹಂಚಿಕೆ. ತಲೆಗೆ ಸಾವಿರ. ಆ ತಿಂಗಳು ನಾನು ಕಟ್ಟೋದು 4,000. ಕೊನೆಕೊನೆಗೆ ಜಾಸ್ತಿ ಬಿಟ್ಟು ಎತ್ತುವವರು ಇರಲ್ಲ, ಕಟ್ಟೋದು 5,000ದ ಹತ್ತಿರ ಹೋಗುತ್ತೆ. ಸರಾಸರಿ ನಂಬಿದವರು ಕೊನೆಯ ಕಂತುಗಳಿಗೆ ಪರದಾಡಬೇಕು. ನಾನು ಮೊದಲಿನಿಂದಲೂ 5,000 ಇಡುತ್ತೇನೆ, ಮಿಕ್ಕಿದ್ದು ಆ ಸಾಲಿನಲ್ಲೇ ಬೆಳೆಯುತ್ತಿರುತ್ತದೆ. ಇದನ್ನು ಆ್ಯಪ್‌ಗೆ ಯಾರು ಹೇಳಿಕೊಡಬೇಕು? ಅದರ ಪ್ರಕಾರ ಚೀಟಿ ದುಡ್ಡು "ವ್ಯಕ್ತಿಗೆ ಕಳಿಸಿದ ಹಣ". ಸೊಪ್ಪಿನವಳಿಗೆ ಸ್ಕ್ಯಾನ್ ಮಾಡಿ ಕೊಟ್ಟದ್ದೂ "ವ್ಯಕ್ತಿಗೆ ಕಳಿಸಿದ ಹಣ". ಎರಡೂ ಒಂದೇ ಬುಟ್ಟಿಗೆ!

ಈಗ ನೀವು ಕೇಳ್ತೀರ, ಎಲ್ಲರಿಗೂ ನಿನ್ನಷ್ಟು ಪುರುಸೊತ್ತು ಇರಲ್ಲಮ್ಮ, ಏನೂ ಮಾಡದೆ ಇರೋದಕ್ಕಿಂತ ಬಟನ್ ಒತ್ತೋದು ವಾಸಿ ಅಲ್ವಾ ಅಂತ. ಬಾಡಿಗೆ, ಇಎಂಐ, ಇಂಟರ್‌ನೆಟ್ಟಿಗೆ ಒತ್ತಿ, ತಕರಾರಿಲ್ಲ. ಅವು ಪ್ರತಿ ತಿಂಗಳೂ ಅಷ್ಟೇ. ಮಿಕ್ಕಿದ್ದಕ್ಕೆ ಅರ್ಧ ಗಂಟೆ ಸಾಕು. ರೀಲ್ಸ್ ನೋಡೋಕೆ ಎಷ್ಟು ಹೊತ್ತು ಹೋಗುತ್ತೆ ಅಂತ ನಾನು ಕೇಳಲ್ಲ, ನನ್ನದನ್ನೂ ನೀವು ಕೇಳಬೇಡಿ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ರಾತ್ರಿ ಯೋಚಿಸುತ್ತಿದ್ದೆ. 2020ರ ಲಾಕ್‌ಡೌನ್‌ನಲ್ಲಿ ನಮ್ಮವರಿಗೆ ಕೆಲವು ತಿಂಗಳು ಅರ್ಧ ಸಂಬಳ ಬಂತು. ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಆಗ ನಮ್ಮ ಹಳೆ ಖರ್ಚಿನ ಸರಾಸರಿ ಕೈಗೆ ಬರ್ತಿದ್ದ ದುಡ್ಡಿಗಿಂತ ಜಾಸ್ತಿ ಇತ್ತು. ಇಬ್ಬರೂ ಊಟದ ಟೇಬಲ್ ಹತ್ತಿರ ಕೂತು ಒಂದೊಂದು ಸಾಲೂ ಕೊರೆದೆವು. ಪೇಪರ್ ಬಿಟ್ಟೆವು. ಹಾಲು ಅರ್ಧ ಲೀಟರ್ ಕಡಿಮೆ ಮಾಡಿದೆವು. ಕಾಫಿಪುಡಿಯಲ್ಲಿ ಚಿಕೋರಿ ಜಾಸ್ತಿ ಆಯಿತು. ಕೆಲಸದ ನಿಂಗಮ್ಮನ ಸಂಬಳದ ಸಾಲು ಬಂದಾಗ ಅವರು ಸುಮ್ಮನಾದರು, ನಾನೂ ಸುಮ್ಮನಾದೆ. ಅವಳು ಬರುತ್ತಿರಲಿಲ್ಲ, ಆದರೂ ಪೂರ್ತಿ ಹಾಕಿದೆವು. ಮಾರನೆಯ ದಿನ ಇಬ್ಬರಿಗೂ ಜಗಳ ಬಂದದ್ದು ಪೇಪರ್ ಬಿಟ್ಟದ್ದಕ್ಕೆ! ನಿಂಗಮ್ಮನ ಸಾಲನ್ನು ಯಾವ ಬಟನ್ ತುಂಬಿಸಿಕೊಡುತ್ತಿತ್ತು ಹೇಳಿ.

ಹಾಗಂತ ಬಟನ್ ಇರೋದೇ ತಪ್ಪು ಅಂತಲ್ಲ. ನನ್ನ ಸಾಫ್ಟ್‌ವೇರಿನಲ್ಲೂ ಇದೆ. 1998ರಿಂದ ಇರೋ ಗ್ನೂಕ್ಯಾಶ್ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲೂ ಹಳೆ ಖರ್ಚು ನೋಡಿ ಅಂದಾಜು ತುಂಬೋ ಸೌಲಭ್ಯ ಇದೆ. ವೈನ್ಯಾಬ್ ಅಂತ ಅಮೆರಿಕದ ಬಜೆಟ್ ಆ್ಯಪ್ ಒಂದಿದೆ, ಜೆಸ್ಸಿ ಮೆಕಮ್ ಎಂಬಾತ 2004ರಲ್ಲಿ ಬರೀ ಸ್ಪ್ರೆಡ್‌ಶೀಟ್ ಆಗಿ ಶುರು ಮಾಡಿದ್ದು. ಒಂದೊಂದು ಡಾಲರಿಗೂ ಒಂದು ಕೆಲಸ ಹಚ್ಚಬೇಕು ಅನ್ನೋದೇ ಅದರ ಮೂಲಮಂತ್ರ. ಅದರಲ್ಲೂ ತಾನೇ ಹಂಚೋ ಬಟನ್ ಇದೆ. ಆದರೆ "ಹೋದ ತಿಂಗಳು ಖರ್ಚಾದಷ್ಟು" ಬೇರೆ, "ಹೋದ ತಿಂಗಳು ಇಟ್ಟಷ್ಟು" ಬೇರೆ ಅಂತ ಎರಡು ಆಯ್ಕೆ ಬಿಡಿಸಿ ಕೊಟ್ಟಿದ್ದಾರೆ. ಇಟ್ಟಷ್ಟು ಅಂದರೆ ಹೋದ ತಿಂಗಳ ನಮ್ಮ ತೀರ್ಮಾನ. ಖರ್ಚಾದಷ್ಟು ಅಂದರೆ ಹೋದ ತಿಂಗಳ ನಮ್ಮ ಹಣೆಬರಹ. ತೀರ್ಮಾನವನ್ನು ನಕಲು ಮಾಡಿದರೆ ತಿದ್ದೋಕೆ ಏನಾದರೂ ಇರುತ್ತೆ. ಮೈದುನನ ಆ್ಯಪ್‌ನಲ್ಲಿ ಈ ಎರಡರ ವ್ಯತ್ಯಾಸವೇ ಇಲ್ಲ. ಹಣೆಬರಹಕ್ಕೆ ಹಸಿರು ಟಿಕ್ ಹಾಕಿ "ನಿಮ್ಮ ಬಜೆಟ್ ಸಿದ್ಧ" ಅನ್ನುತ್ತೆ.

ಆ್ಯಪ್ ಮಾಡುವ ಹುಡುಗರು ನನ್ನ ಲಿಸ್ಟಿನಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಹೇಳ್ತಿದ್ದೇನೆ. ಹಳೆ ಅಂಕಿಯನ್ನು ಸಾಲಿನ ಪಕ್ಕದಲ್ಲಿ ಬೂದು ಬಣ್ಣದಲ್ಲಿ ತೋರಿಸಿ. ಡಬ್ಬಿಯನ್ನು ಖಾಲಿ ಬಿಡಿ, ನಾವು ತುಂಬಿಕೊಳ್ತೀವಿ. ವರ್ಷಕ್ಕೊಮ್ಮೆ ಬರೋದನ್ನು ಹನ್ನೆರಡರಿಂದ ಭಾಗಿಸಿ ಕೇಳದೆಯೇ ನೆನಪಿಸಿ. ನಿಮ್ಮ ಬುದ್ಧಿವಂತಿಕೆ ತೋರಿಸೋಕೆ ಅಷ್ಟು ಜಾಗ ಸಾಕು. ಎಐ ಎಲ್ಲ ನೋಡಿಕೊಳ್ಳುತ್ತೆ ಅಂತ ಕಾಮೆಂಟ್ ಹಾಕುವವರು, ಮುಂದಿನ ಭಾನುವಾರ ಛತ್ರದಲ್ಲಿ ನಾನು ಎಷ್ಟು ಮುಯ್ಯಿ ಮಾಡಬೇಕು ಅಂತ ಅದನ್ನೇ ಕೇಳಿ ಹೇಳಿ. ನಮ್ಮ ಗೃಹಪ್ರವೇಶಕ್ಕೆ ಅವರು ಎಷ್ಟು ಕೊಟ್ಟಿದ್ದರು ಅನ್ನೋದು ನನ್ನ ಅತ್ತೆಯ ಪುಸ್ತಕದಲ್ಲಿದೆ, ಅದನ್ನು ಅವರು ಯಾರಿಗೂ ಕೊಡಲ್ಲ.